ಬಿಟ್ಟಲ್ಲಿ ನಿಲ್ಲುವ ದೀಪ

ಮೇಜಿನ ದೀಪವೊಂದನ್ನು ವಿಮರ್ಶೆಗೆ ಎತ್ತಿಕೊಂಡೆವೆಂದರೆ ಕೆಲವು ಓದುಗರಿಗೆ ನಗು ಬಂದೀತು. ಆದರೆ ಅಂಬರನಾಥದ ಒಂದೇ ಕೋಣೆಯ ಮನೆಗಳಲ್ಲಿ ಓದಿ ಮುಂದೆ ಬಂದವರನ್ನು ಕೇಳಿ ನೋಡಿ. ಪಾಳಿ ಮುಗಿಸಿ ಬಂದ ತಂದೆ ಮಲಗಿದ ಮೇಲೆ ದೊಡ್ಡ ದೀಪ ಹಚ್ಚಿದರೆ ಮನೆಗೆಲ್ಲ ನಿದ್ದೆಗೇಡು. ಆರಿಸಿದರೆ ಮಗನ ಪರೀಕ್ಷೆ ಕೆಟ್ಟಿತು. ಬೆಳಕು ಪುಸ್ತಕದ ಮೇಲಷ್ಟೇ ಬೀಳಬೇಕು.

ಈ ತೊಡಕನ್ನು ಬಿಡಿಸಿದವರು ದೀಪದ ವ್ಯಾಪಾರಿಯಲ್ಲ. ಇಂಗ್ಲೆಂಡಿನ ಬಾತ್ ಪಟ್ಟಣದ ಜಾರ್ಜ್ ಕಾರ್ವರ್ಡಿನ್ ಮೋಟಾರು ಗಾಡಿಗಳ ಸಸ್ಪೆನ್ಷನ್ ಬಲ್ಲ ಎಂಜಿನಿಯರರು. ಅವರಿಗೆ ಮೊದಲು ಹೊಳೆದದ್ದು ಸ್ಪ್ರಿಂಗಿನ ಗುಣ, ದೀಪ ಆಮೇಲಿನದು. ತೋಳನ್ನು ಎಲ್ಲಿಗೆ ಸರಿಸಿದರೂ ಅದರ ಭಾರಕ್ಕೆ ಸ್ಪ್ರಿಂಗಿನ ಎಳೆತ ಸರಿದೂಗುವಂತೆ ಅವರು ಜೋಡಿಸಿದರು. ನಮ್ಮ ಭುಜ, ಮೊಣಕೈಗಳಂತೆ ಅದು ಬಾಗುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. 1932ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ರೆಡಿಚ್ ಊರಿನ ಸ್ಪ್ರಿಂಗ್ ತಯಾರಕರಾದ ಹರ್ಬರ್ಟ್ ಟೆರಿ ಕಂಪನಿಯವರು ದೀಪವನ್ನೂ ತಯಾರಿಸಿ 'ಆಂಗಲ್‌ಪಾಯ್ಸ್' ಎಂದು ಹೆಸರಿಟ್ಟರು. ನಾಲ್ಕು ಸ್ಪ್ರಿಂಗಿನ ಮೊದಲ ಮಾದರಿ ಕೆಲಸದ ಜಾಗಗಳಿಗೆ ಹೊಂದುವಂಥದು. 1935ರಲ್ಲಿ ಬಂದ ಮೂರು ಸ್ಪ್ರಿಂಗಿನ ಮಾದರಿ ಮನೆಗಳಿಗಾಗಿ. 1937ರಲ್ಲಿ ನಾರ್ವೆಯ ಯಾಕ್ ಯಾಕೊಬ್ಸೆನ್ ಇದೇ ತತ್ತ್ವದ ಮೇಲೆ 'ಲುಕ್ಸೊ' ದೀಪವನ್ನು ರೂಪಿಸಿದರು.

ಇದರ ಅಂದವನ್ನು ಹೊಗಳುವವರು ಬಹಳ. ಅಂದ ಇದೆ, ನಿಜ. ಆದರೆ ಅದು ಲೆಕ್ಕದಿಂದ ಹುಟ್ಟಿದ ಅಂದ. ಅಲ್ಲಿ ಸ್ಪ್ರಿಂಗುಗಳನ್ನು ಮುಚ್ಚಿಟ್ಟಿಲ್ಲ. ಕೆಲಸ ಮಾಡುವ ಅಂಗ ಕಣ್ಣಿಗೆ ಕಾಣುತ್ತದೆ. ಕಾರ್ಖಾನೆಯಲ್ಲಿ ದುಡಿದ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದೋಷವೂ ಉಂಟು: ದೀಪ ಮಗುಚದಿರಲೆಂದು ಇಟ್ಟ ಭಾರದ ಪೀಠ ಚಿಕ್ಕ ಮೇಜಿನ ಜಾಗವನ್ನು ತಿನ್ನುತ್ತದೆ.

ಅನುಕರಣೆಗಳ ಮೇಲೆ ನಮ್ಮ ತಕರಾರು ಇನ್ನೂ ದೊಡ್ಡದು. ನಾವು ಹಿಂದೊಮ್ಮೆ ಅಗ್ಗಕ್ಕೆ ತಂದ ದೀಪ ನೋಟಕ್ಕೆ ಅದೇ ಜಾತಿಯದು. ಸ್ಪ್ರಿಂಗುಗಳೂ ಇದ್ದವು, ಬರಿಯ ಶೋಭೆಗೆ. ತೋಳನ್ನು ಹಿಡಿದದ್ದು ಕೀಲಿನ ತಿರುಪು. ಎರಡನೆಯ ಮಳೆಗಾಲಕ್ಕೆ ತಿರುಪು ಸವೆದು, ದೀಪ ಪುಸ್ತಕಕ್ಕೆ ತಲೆಬಾಗಿ ನಮಸ್ಕರಿಸಿತು! ಮಗಳು ಅದನ್ನು ದಾರದಿಂದ ಕಿಟಕಿಯ ಸರಳಿಗೆ ಕಟ್ಟಿಯೇ ಎಸ್.ಎಸ್.ಸಿ. ಮುಗಿಸಿದಳು. ರೂಪವನ್ನು ಕದ್ದವರು ಲೆಕ್ಕವನ್ನು ಬಿಟ್ಟುಬಂದರೆ ಕಷ್ಟಪಡುವವರು ಓದುವ ಮಕ್ಕಳು.

ಆದ್ದರಿಂದ ಕೊಳ್ಳುವ ಮುನ್ನ ಅಂಗಡಿಯಲ್ಲೇ ತಿರುಪನ್ನು ಸಡಿಲಿಸಿ, ತೋಳನ್ನು ಅರ್ಧಕ್ಕೆ ಬಾಗಿಸಿ ಕೈಬಿಟ್ಟು ನೋಡಿ. ನಿಂತರೆ ತನ್ನಿ, ಜಾರಿದರೆ ಬಣ್ಣಕ್ಕೆ ಮರುಳಾಗದೆ ಅಲ್ಲಿಯೇ ಬಿಟ್ಟುಬನ್ನಿ.