ಬೈಂಡಿನೊಳಗಿನ ಬೇತಾಳ

ಹಳೆಯ ‘ಚಂದಮಾಮ’ ಹುಡುಕಿಕೊಂಡು ಅಲೆಯುವವರಲ್ಲಿ ಒಂದು ಪಂಗಡಕ್ಕೆ ಇಡೀ ಸಂಚಿಕೆ ಬೇಡ, ಬೇತಾಳ ಕಥೆಯ ಪುಟಗಳಷ್ಟೇ ಸಾಕು. ಅವೆನ್ಯೂ ರಸ್ತೆಯಲ್ಲೋ ರದ್ದಿ ಅಂಗಡಿಯ ಮೂಟೆಯಲ್ಲೋ ಸಿಕ್ಕ ಸಂಚಿಕೆಗಳಿಂದ ಆ ಪುಟಗಳನ್ನು ಬಿಡಿಸಿ, ಒಟ್ಟಿಗೆ ಹೊಲಿಸಿ, ರಟ್ಟು ಹಾಕಿಸಿ ಇಟ್ಟುಕೊಳ್ಳುತ್ತಾರೆ. ಎಳವೆಯಲ್ಲಿ ಕತ್ತಲಾದ ಮೇಲೆ ಹಿತ್ತಲಿಗೆ ಹೋಗಲೂ ಬಿಡದ ಬೇತಾಳ ಈಗ ಕಪಾಟಿನಲ್ಲಿ ಭದ್ರ. ಸ್ನೇಹಿತರೊಬ್ಬರು ಮಾಡಿಸಿದ ಇಂಥ ಬೈಂಡೊಂದನ್ನು ಈಚೆಗೆ ಪೂರ್ತಿ ಓದಿದೆ. ಹೆದರಿಕೆಯಾಗಲಿಲ್ಲ ಅನ್ನುವುದೇನೂ ದೊಡ್ಡ ಮಾತಲ್ಲ, ವಯಸ್ಸಾಗಿದೆ. ಆದರೆ ಬೇಸರ ಬಂತು. ಅದು ಯಾಕೆ?

ಕಥೆಗಳಿಂದಲೇ ಶುರು ಮಾಡೋಣ. ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಹೆಣ ತರಲು ಹೇಳಿದ ಭಿಕ್ಷುವಿಗೆ ರಾಜನನ್ನೇ ಬಲಿ ಕೊಡುವ ಹೊಂಚಿರುತ್ತದೆ. ಹೆಣದೊಳಗಿನ ಬೇತಾಳ ದಾರಿಯುದ್ದಕ್ಕೂ ಕಥೆ ಹೇಳಿ ಪ್ರಶ್ನೆ ಕೇಳುತ್ತಾನೆ; ಕಡೆಯ ಕಥೆಗೆ ರಾಜನಲ್ಲಿ ಉತ್ತರವಿಲ್ಲ. ಅವನ ಧೈರ್ಯಕ್ಕೆ ಮೆಚ್ಚಿದ ಬೇತಾಳ ಆ ಗುಟ್ಟನ್ನು ಬಿಟ್ಟುಕೊಡುತ್ತಾನೆ. ಮೈ ಜುಮ್ಮೆನ್ನುವುದು ಅಲ್ಲಿ. ಚಂದಮಾಮದ ರಾಜ ಆ ಘಟ್ಟ ಮುಟ್ಟುವುದೇ ಇಲ್ಲ. ಮೂಲದ ಇಪ್ಪತ್ತೈದು ಕಥೆಗಳ ಲೆಕ್ಕ ಮುಗಿದ ಮೇಲೂ ಹೊಸ ಕಥೆಗಳನ್ನು ಅದೇ ಚೌಕಟ್ಟಿಗೆ ಕೂರಿಸುತ್ತ ದಶಕಗಟ್ಟಲೆ ನಡೆಸಿಕೊಂಡು ಹೋದರು. ಆ ಕಥೆಗಳಲ್ಲಿ ಬಹುಪಾಲು ದೆವ್ವದವೂ ಅಲ್ಲ: ಯಾರ ತ್ಯಾಗ ಹೆಚ್ಚು, ಯಾರ ತೀರ್ಪು ಸರಿ ಎಂಬ ನ್ಯಾಯ ಪಂಚಾಯಿತಿ. ಬೇತಾಳನನ್ನು ತೆಗೆದು ಅಲ್ಲೊಬ್ಬ ಅಜ್ಜನನ್ನು ಕೂರಿಸಿದರೂ ಕಥೆಗೆ ಏನೂ ಆಗದು.

ಹಾಗಾದರೆ ನಮ್ಮನ್ನು ಹೆದರಿಸಿದ್ದು ಶಂಕರ್ ಬರೆದ ಚಿತ್ರ. 1952ರಲ್ಲಿ ಮದ್ರಾಸಿನ ಚಂದಮಾಮ ಬಳಗ ಸೇರಿದ ಕೆ.ಸಿ. ಶಿವಶಂಕರನ್ ಅವರೇ ಈ ಶಂಕರ್. ತೀರಿಕೊಂಡ ಮರುವರ್ಷ, 2021ರಲ್ಲಿ, ಪದ್ಮಶ್ರೀ ಬಂತು. ಸ್ಮಶಾನದ ದಾರಿ, ಕತ್ತಿ ಹಿರಿದ ರಾಜ, ಹೆಗಲಿಂದ ಜೋತುಬಿದ್ದ ಹೆಣ. ಅದರಲ್ಲಿ ರಕ್ತ, ಕೋರೆಹಲ್ಲುಗಳ ಅಬ್ಬರವಿಲ್ಲ. ಹೆಣ ಭಾರವಾಗಿದೆ, ಅಷ್ಟೆ. ರಾಜ ಅದನ್ನು ನಿಜವಾಗಿ ಹೊತ್ತಿದ್ದಾನೆ ಅನ್ನಿಸುತ್ತದೆ. ಭಯ ಹುಟ್ಟುವುದು ಆ ಭಾರದಿಂದ.

ಆದರೆ ಪ್ರತಿ ಸಂಚಿಕೆಯಲ್ಲೂ ಬರುತ್ತಿದ್ದುದು ಅದೇ ಚಿತ್ರ. ನಡುವೆ ಒಂದು ತಿಂಗಳು ಇರುತ್ತಿದ್ದುದರಿಂದ ಅದು ಕೆಲಸ ಮಾಡುತ್ತಿತ್ತು. ಮರೆತೆನೆಂದುಕೊಂಡ ಹೊತ್ತಿಗೆ ಪುಟ ತಿರುಗಿಸಿದರೆ ಮತ್ತೆ ಅವನು. ಬೈಂಡಿನಲ್ಲಿ ಆ ತಿಂಗಳುಗಳಿಗೆ ಜಾಗವಿಲ್ಲ. ನಾಲ್ಕನೇ ಸಲಕ್ಕೆ ಬೇತಾಳ ರಬ್ಬರ್ ಸ್ಟಾಂಪಾಗಿಬಿಡುತ್ತಾನೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಾವಿರ ಹೋಳಾಗುವ ಬೆದರಿಕೆಯನ್ನಂತೂ ಕಣ್ಣು ಹಾರಿಸಿಕೊಂಡೇ ಹೋಗುತ್ತದೆ. ಸಾಲದ್ದಕ್ಕೆ ಅಂಚು ಸಮ ಮಾಡಲು ಹೋದ ಬೈಂಡಿನವನ ಕಟಿಂಗ್ ಮಷೀನು ಒಂದು ಕಡೆ ರಾಜನ ಕತ್ತಿಯ ಮೊನೆಯನ್ನೇ ಹಾರಿಸಿದೆ. ಹೊಲಿಗೆ ಪ್ರತಿ ಪುಟದಲ್ಲೂ ಒಳಸಾಲಿನ ಒಂದೆರಡು ಅಕ್ಷರ ನುಂಗಿದೆ.

ಹಿಂದೆ ಮನೆಗಳಲ್ಲಿ ಹನ್ನೆರಡು ಸಂಚಿಕೆ ಸೇರಿಸಿ ವರ್ಷದ ಬೈಂಡು ಮಾಡಿಸುತ್ತಿದ್ದರಲ್ಲ, ಅದು ಎಷ್ಟೋ ವಾಸಿ. ಅದರಲ್ಲಿ ಜಾತಕ ಕಥೆ, ಫೋಟೋಗೆ ಶೀರ್ಷಿಕೆ ಕೊಡುವ ಸ್ಪರ್ಧೆ, ಚಾಕಲೇಟಿನ ಜಾಹೀರಾತುಗಳ ನಡುವೆ ಬೇತಾಳ ದಿಢೀರನೆ ಎದುರಾಗುತ್ತಿದ್ದ. ಸುತ್ತಲ ಸಾಧು ಪುಟಗಳಿಲ್ಲದೆ ಅವನಿಗೆ ಬಲವಿಲ್ಲ. ಸ್ಕ್ಯಾನ್ ಪ್ರತಿ ಕೂಡಿಸುವವರನ್ನು ಕಾಗದಪ್ರಿಯರು ಹಗುರವಾಗಿ ನೋಡುತ್ತಾರೆ. ಅವರಾದರೂ ಕತ್ತರಿ ಹಾಕುವುದಿಲ್ಲವಲ್ಲ! 1949ರಲ್ಲಿ ಕನ್ನಡದಲ್ಲಿ ಶುರುವಾದ ಪತ್ರಿಕೆಯಿದು. 2007ರಲ್ಲಿ ಸಂಸ್ಥೆ ಮುಂಬೈನ ಜಿಯೋಡೆಸಿಕ್ ಕಂಪನಿಯ ಕೈ ಸೇರಿ, ಕೆಲವೇ ವರ್ಷಗಳಲ್ಲಿ ಪ್ರಕಟಣೆ ನಿಂತುಹೋಯಿತು. ಇರುವ ಹಳೆಯ ಪ್ರತಿಗಳಲ್ಲಿ ಒಂದನ್ನು ಸೀಳಿದರೆ ಒಂದು ಕಡಿಮೆಯಾದಂತೆಯೇ.

ಸೀಳಿ ಉಳಿದದ್ದರಲ್ಲಿ ಏನಿರುತ್ತದೆ ಎಂದು ಈ ಪಂಗಡ ನೋಡಿದಂತಿಲ್ಲ. ದಾಸರಿ ಸುಬ್ರಹ್ಮಣ್ಯಂ ತೆಲುಗಿನಲ್ಲಿ ಬರೆದು ಕನ್ನಡಕ್ಕೂ ಬರುತ್ತಿದ್ದ ಧಾರಾವಾಹಿಗಳು ಇರುವುದು ಅಲ್ಲೇ. ‘ಚಿತ್ರಾ’ ಎಂಬ ಹೆಸರಿನಲ್ಲಿ ಟಿ.ವಿ. ರಾಘವನ್ ಅವಕ್ಕೆ ಬರೆದ ಮಾಂತ್ರಿಕರು, ಕಾಡುಜನ, ಯಾವ ಪ್ರಾಣಿಯೆಂದೇ ಹೇಳಲಾಗದ ಜಂತುಗಳು ಕಂತಿನಿಂದ ಕಂತಿಗೆ ಬೇರೆ ಬೇರೆ. ಈ ವಯಸ್ಸಿನಲ್ಲೂ ನನ್ನನ್ನು ಒಂದು ಕ್ಷಣ ತಡೆದು ನಿಲ್ಲಿಸುವುದು ಅವೇ. ಬೇತಾಳನನ್ನು ಕಿತ್ತುಕೊಂಡ ಸಂಚಿಕೆಗಳನ್ನು ಅಂಗಡಿಯವರು ಅಗ್ಗಕ್ಕೆ ಕೊಡುತ್ತಾರೆ. ನಾನು ಈಗ ಕೊಳ್ಳುವುದು ಅವನ್ನೇ.