ಬ್ರಾಡ್ ಸ್ಟ್ರೀಟಿನ ಪಂಪು: ಒಂದು ಪುನರ್ವಿಮರ್ಶೆ

೧೮೫೪ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಹಬ್ಬಿದ ಕಾಲರಾವನ್ನು ವೈದ್ಯ ಜಾನ್ ಸ್ನೋ ಒಬ್ಬನೇ ಅಡಗಿಸಿದನೆಂಬ ರೂಢಿಯ ನಿರೂಪಣೆಯನ್ನು ನಾವು ಪೂರ್ಣವಾಗಿ ಒಪ್ಪಲಾರೆವು. ನೀರೇ ಕಾರಣವೆಂದು ತರ್ಕಿಸಿದವನು ಅವನೇ. ಆದರೆ ಸೆಪ್ಟೆಂಬರ್ ೮ರಂದು ಪಂಪಿನ ಹಿಡಿಯನ್ನು ತೆಗೆಯಿಸಿದುದು ಸೇಂಟ್ ಜೇಮ್ಸ್ ಪ್ಯಾರಿಷಿನ ಪಾಲಕ ಮಂಡಲಿ. ಅಷ್ಟರೊಳಗೆ ರೋಗವು ಇಳಿಮುಖವಾಗಿತ್ತೆಂಬುದನ್ನು ಸ್ನೋ ತಾನೇ ಒಪ್ಪಿದ್ದಾನೆ. ಹಾಗಾದರೆ ಆ ಕ್ರಮವು ವ್ಯರ್ಥವೆ? ಅಲ್ಲ. ಪ್ಯಾರಿಷಿನ ವಿಚಾರಣಾ ಸಮಿತಿಯ ಸದಸ್ಯನಾದ ಪಾದ್ರಿ ಹೆನ್ರಿ ವೈಟ್‌ಹೆಡ್ ೪೦ನೆಯ ನಂಬರಿನ ಮನೆಯ ಶಿಶುವೊಂದರ ಕಾಯಿಲೆಯನ್ನು ಪತ್ತೆಹಚ್ಚಿದನು. ಅದರ ಬಟ್ಟೆಗಳನ್ನು ಅದ್ದಿದ ನೀರು ಬಾವಿಯ ಪಕ್ಕದ ಮಲಗುಂಡಿಯನ್ನು ಸೇರಿತ್ತು. ಆ ಶಿಶುವಿನ ತಂದೆಗೆ ಕಾಲರಾ ತಗುಲಿದುದು ಹಿಡಿ ತೆಗೆದ ದಿನವೇ. ಎರಡನೆಯ ಹಾವಳಿ ತಪ್ಪಿದುದು ಪ್ರಾಯಶಃ ಇದರಿಂದ. ಸರ್ಕಾರದ ಆರೋಗ್ಯ ಮಂಡಲಿಯ ತಜ್ಞರು ೧೮೫೫ರಲ್ಲಿ ತಳ್ಳಿಹಾಕಿದ ವಾದವನ್ನು ಪ್ಯಾರಿಷಿನ ಸಮಿತಿಯು ಎತ್ತಿಹಿಡಿಯಿತು. ಇದನ್ನು ಬಿಟ್ಟ ಚರಿತ್ರೆಯು ಅರ್ಧ ಚರಿತ್ರೆಯೆಂದೇ ನಮ್ಮ ಮತ.