ಗಣಪನಿಗೆ ಗರಿಕೆ, ನಮಗೆ ಮೆಕ್ಸಿಕನ್

ಗಣೇಶನ ಹಬ್ಬದ ಹಿಂದಿನ ದಿನ ದೇವರಾಜ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿ, ದುಡ್ಡು ಕೊಟ್ಟು ಗರಿಕೆ ತರ್ತೀವಿ. ಮುಂದಿನ ವಾರ ಅದೇ ಗರಿಕೆ ಮನೆ ಮುಂದಿನ ಲಾನಿನಲ್ಲಿ ತಲೆ ಎತ್ತಿದರೆ, ಕಳೆ ಅಂತ ಬೇರು ಸಮೇತ ಕೀಳಿಸೋದಕ್ಕೂ ದುಡ್ಡು ಕೊಡ್ತೀವಿ. ಮೈಸೂರಿನ ಹೊಸ ಬಡಾವಣೆಗಳ ಲಾನುಗಳ ಬಗ್ಗೆ ನನ್ನ ತಕರಾರು ಶುರುವಾಗೋದೇ ಇಲ್ಲಿಂದ.

ಲಾನ್ ಬೇಡ ಅಂತ ನಾನು ಹೇಳ್ತಿಲ್ಲ. ಮಕ್ಕಳು ಬಿದ್ದರೂ ಮಂಡಿ ತರಚದ, ಸಂಜೆ ಚಾಪೆ ಹಾಸಿ ಕೂರೋ ಜಾಗ ಯಾರಿಗೆ ಬೇಡ? ನನ್ನ ಸಿಟ್ಟೆಲ್ಲ, ಅದು ಹನ್ನೆರಡು ತಿಂಗಳೂ ಒಂದೇ ಸಮ ಹಸಿರಾಗಿರಬೇಕು ಅನ್ನೋ ಹಠದ ಮೇಲೆ.

ಈ ಹಠದ ಮೂಲ ಹುಡುಕೋರು ಲಲಿತಮಹಲ್ ಮುಂದೆ ಒಮ್ಮೆ ನಿಲ್ಲಬೇಕು. 1921ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಪಾಯ ಹಾಕಿದ ಅರಮನೆ ಅದು. ವಿನ್ಯಾಸ ಇ. ಡಬ್ಲ್ಯು. ಫ್ರಿಚ್ಲೆ ಅವರದು, ಗುಮ್ಮಟಕ್ಕೆ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚೇ ಮಾದರಿ. ಅಂಥ ಕಟ್ಟಡದ ಮುಂದೆ ಹಸಿರು ಹಾಸು ಒಪ್ಪುತ್ತೆ, ನಿಜ. ಆದರೆ ಗುಮ್ಮಟ ನೋಡಿ ಗುಮ್ಮಟ ಕಟ್ಟಬಹುದು, ಮಳೆ ನೋಡಿ ಮಳೆ ತರೋಕಾಗಲ್ಲ. ತಮಾಷೆ ಅಂದ್ರೆ ಲಂಡನ್ನಿಗಿಂತ ನಮಗೇ ಮಳೆ ಜಾಸ್ತಿ. ಅಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್, ಇಲ್ಲಿ 800ರ ಆಸುಪಾಸು. ವ್ಯತ್ಯಾಸ ಇರೋದು ಹಂಚಿಕೆಯಲ್ಲಿ. ಅಲ್ಲಿ ಎಲ್ಲ ತಿಂಗಳೂ ಸ್ವಲ್ಪ ಸ್ವಲ್ಪ ಬೀಳುತ್ತೆ, ಬಿಸಿಲೂ ಮೆತ್ತಗೆ. ನಮ್ಮಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಬೀಳೋದು ಬಹಳ ಕಮ್ಮಿ. ಆ ಕೊರತೆಯನ್ನೇ ನಾವು ಪೈಪು ಹಿಡಿದು ತುಂಬಿಸೋಕೆ ಹೊರಟಿರೋದು.

ಲೆಕ್ಕ ಹಾಕೋಣ. ಬಿರುಬೇಸಿಗೆಯಲ್ಲಿ ಹಸಿರಾಗಿಯೇ ಇರೋಕೆ ಹುಲ್ಲಿಗೆ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಬೇಕು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಅಂದ್ರೆ ಒಂದು ಲೀಟರ್. 40x60 ಸೈಟಿನಲ್ಲಿ 300 ಚದರಡಿ ಲಾನ್ ಇದ್ದರೆ ದಿನಕ್ಕೆ ಸುಮಾರು 140 ಲೀಟರ್ ಆಯ್ತು. ನಗರಗಳಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ ಬೇಕು ಅಂತ ಸರ್ಕಾರಿ ಮಾನದಂಡ ಹೇಳೋದು 135 ಲೀಟರ್. ಅಂದ್ರೆ ಮನೆಗೆ ಒಬ್ಬರು ಹೆಚ್ಚುವರಿ ಸದಸ್ಯರು ಬಂದ ಹಾಗೆ. ಅವರು ಕುಡಿಯೋದು ಕಾವೇರಿ, ಕಬಿನಿಯಿಂದ ಪಂಪು ಮಾಡಿ ಶುದ್ಧೀಕರಿಸಿದ ನೀರನ್ನೇ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತ್ತು. ಅದೇ ಬೇಸಿಗೆಯಲ್ಲಿ ನಮ್ಮ ಬಡಾವಣೆಯ ಮನೆಗಳಿಗೆ ಟ್ಯಾಂಕರ್ ನೀರು, ಪಾರ್ಕಿನ ಲಾನಿಗೆ ಬೋರ್‌ವೆಲ್ ಸ್ಪ್ರಿಂಕ್ಲರ್. ಇದೇನ್ ಸ್ವಾಮಿ ಅಂತ ಕೇಳಿದರೆ, 'ಬಿಟ್ರೆ ಒಣಗೋಗುತ್ತಲ್ಲ ಮೇಡಂ' ಅನ್ನೋ ಉತ್ತರ.

ಒಣಗಲಿ ಬಿಡಿ! ಗರಿಕೆ ಆಗಿದ್ದರೆ ಒಣಗಿದ ಹಾಗೆ ಕಾಣುತ್ತೆ, ಸಾಯಲ್ಲ. ಮೇಲಿನ ಎಲೆ ಕಂದಾದರೂ ನೆಲದೊಳಗಿನ ಗೆಣ್ಣುಗಳಲ್ಲಿ ಜೀವ ಹಿಡಿದುಕೊಂಡು ಮಲಗಿರುತ್ತೆ, ಎರಡು ಒಳ್ಳೇ ಮಳೆ ಬಿದ್ದರೆ ಮತ್ತೆ ಚಿಗುರುತ್ತೆ. ನಾವು ಕಳೆ ಅನ್ನೋ ಈ ಹುಲ್ಲೇ ಬೇರೆ ದೇಶಗಳಲ್ಲಿ 'ಬರ್ಮುಡಾ ಗ್ರಾಸ್' ಅನ್ನೋ ಹೆಸರಲ್ಲಿ ಆಟದ ಮೈದಾನ, ಗಾಲ್ಫ್ ಕೋರ್ಸುಗಳಿಗೆ ಹಾಸುವ ಹುಲ್ಲು. ನರ್ಸರಿಗಳಲ್ಲಿ 'ಮೆಕ್ಸಿಕನ್' ಅಂತ ಮಾರೋದು ಸಾಮಾನ್ಯವಾಗಿ ಪೂರ್ವ ಏಷ್ಯಾ ಕಡೆಯ ಜೋಯ್ಸಿಯಾ. ಅದು ಕೆಟ್ಟ ಹುಲ್ಲೇನಲ್ಲ. ಮೆತ್ತಗಿರುತ್ತೆ, ನಿಧಾನಕ್ಕೆ ಬೆಳೆಯೋದರಿಂದ ಕತ್ತರಿಸೋ ಕೆಲಸವೂ ಕಮ್ಮಿ. ಆದರೆ ಆ ನಿಧಾನದಿಂದಲೇ ಸವೆದ ಜಾಗ ಬೇಗ ತುಂಬಿಕೊಳ್ಳಲ್ಲ. ಮಕ್ಕಳು ಆಡೋ ಕಡೆ ಗರಿಕೆಯೇ ಸೈ.

ಗರಿಕೆಗೂ ದೋಷಗಳಿವೆ. ನೆರಳಲ್ಲಿ ಬರಲ್ಲ, ಹೂವಿನ ಪಾತಿಗೆ ನುಗ್ಗುತ್ತೆ. ಅಂಚಿಗೆ ಇಟ್ಟಿಗೆ ಹೂತು ಆಗಾಗ ಕತ್ತರಿಸ್ತಿದ್ದರೆ ಹತೋಟಿಗೆ ಬರುತ್ತೆ. ಹೊಂಗೆ, ಮಾವಿನ ಮರದ ಬುಡದಲ್ಲಿ ಹುಲ್ಲೇ ಬೇಡ, ಉದುರಿದ ಎಲೆ ಅಲ್ಲೇ ಇರಲಿ. ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಒದ್ದೆ ಇರೋ ಕಡೆ ಒಂದೆಲಗ ಹಾಕಿದರೆ ತಂಬುಳಿಗೂ ಆಯ್ತು. ಬಿಸಿಲು ಬೀಳೋ ಜಾಗ ಮಾತ್ರ ಗರಿಕೆಗೆ. ಜೂನಿನಲ್ಲಿ ಮುಂಗಾರು ಹಿಡಿದ ಮೇಲೆ ಮಣ್ಣು ಸಡಿಲಿಸಿ, ಕೊನ್ನಾರಿ ಗಡ್ಡೆ ಆರಿಸಿ ತೆಗೆದು, ಕೊಟ್ಟಿಗೆ ಗೊಬ್ಬರ ಬೆರೆಸಿ, ಗೆಣ್ಣಿರೋ ತುಂಡುಗಳನ್ನು ಮೂರು ಮೂರು ಇಂಚಿಗೆ ನೆಟ್ಟರೆ ದಸರಾ ಹೊತ್ತಿಗೆ ನೆಲ ಮುಚ್ಚಿಕೊಳ್ಳುತ್ತೆ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬೇಡಿ. ಬೇಸಿಗೆಯಲ್ಲಿ ನೀರು ಕೊಡಲೇಬೇಕು ಅನ್ನಿಸಿದರೆ ವಾರಕ್ಕೊಮ್ಮೆ, ಬೆಳಗಿನ ಜಾವ, ಬೇರು ನೆನೆಯುವಷ್ಟು. ದಿನಾ ಚಿಮುಕಿಸಿದರೆ ಬೇರು ಆಳಕ್ಕೆ ಇಳಿಯೋದೇ ಇಲ್ಲ.

ಇಷ್ಟಾದರೂ ಮಾರ್ಚಿನಲ್ಲಿ ಅದು ಕಂದಾಗುತ್ತೆ. ಚಾಮುಂಡಿ ಬೆಟ್ಟದ ಹುಲ್ಲೂ ಆಗ ಕಂದೇ. ಮೆಟ್ಟಿಲು ಹತ್ತೋ ನಾವು ಯಾರೂ ಬೆಟ್ಟ ಹಾಳಾಯ್ತು ಅಂತ ಪೈಪು ತರಲ್ಲ, ಮಳೆಗೆ ಕಾಯ್ತೀವಿ. ಗೇಟಿನೊಳಗಿನ ಮುನ್ನೂರು ಚದರಡಿಗೂ ಅಷ್ಟು ತಾಳ್ಮೆ ತೋರಿಸೋಕೆ ಏನಡ್ಡಿ? ಮುಂದಿನ ಸಲ ಮಾಲಿ ಗರಿಕೆ ತೋರಿಸಿ 'ಕೀಳ್ಬೇಕಾ ಮೇಡಂ, ಬಿಡ್ಬೇಕಾ?' ಅಂತ ಕೇಳಿದರೆ, ಬಿಡಿ ಅನ್ನಿ.